ಒಣಗದ ಕಾಲೊರಸು

ಸಂಸ್ಥೆಯಲ್ಲಿ ಎಲ್ಲರೂ ಅವಳನ್ನು ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಬುಗುರಿ ಎನ್ನುತ್ತಿದ್ದರು. ಎರಡೂ ಅವಳಿಗೆ ಗೊತ್ತಿತ್ತು. ಎರಡನೆಯದೇ ಹೆಚ್ಚು ಸರಿ ಎಂದೂ ಗೊತ್ತಿತ್ತು. ಐವತ್ತನಾಲ್ಕು ವರ್ಷದ ಈ ಹೆಂಗಸು ಒಂದು ಲೋಟ ಚಹಾವನ್ನು ಒಂದೇ ಜಾಗದಲ್ಲಿ ಕುಡಿದು ಮುಗಿಸಿದ್ದನ್ನು ಕಂಡವರಿಲ್ಲ. ಎರಡು ಗುಟುಕು ಮೇಜಿನ ಹತ್ತಿರ, ಎರಡು ಗುಟುಕು ಕಿಟಕಿಯ ಹತ್ತಿರ. ಉಳಿದದ್ದು ಯಾವುದೋ ಕಪಾಟಿನ ಮೇಲೆ ಆರಿ, ಮರುದಿನ ಕಸ ಗುಡಿಸುವವಳ ಬೈಗುಳಕ್ಕೆ ಸಿಗುತ್ತಿತ್ತು. "ಹಿಂದಿನ ಜನ್ಮದಲ್ಲಿ ನೀನು ಗಿರಣಿ ಬೆಲ್ಟ್ ಆಗಿದ್ದೆ" ಎಂದು ಗಂಡ ಹೇಳುತ್ತಿದ್ದ. ಅವನು ಗಡಿಯಾರ ರಿಪೇರಿಯವನು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಅಲುಗಾಡದೆ ಕೂರಬಲ್ಲವನು. ಇಂಥವನಿಗೆ ಇಂಥವಳನ್ನು ಗಂಟು ಹಾಕಿದ ಹಿರಿಯರಿಗೆ ತಮಾಷೆಯ ಸ್ವಭಾವ ಇದ್ದಿರಬೇಕು.

ಬುಗುರಿಯ ಕೆಲಸ, ಕಣ್ಣು ಕಾಣದವರಿಗೆ ಮತ್ತು ಅರೆಬರೆ ಕಾಣುವವರಿಗೆ ಕ್ಯಾಂಟೀನು ನಡೆಸಲು ಕಲಿಸುವುದು. ಕಚೇರಿಗಳ ಕಟ್ಟಡದಲ್ಲಿ ಒಂದು ಕೋಣೆ ಕೇಳಿ ಪಡೆಯಬೇಕು, ಒಲೆ ಹೂಡಿಸಬೇಕು, ಆಮೇಲೆ ಆ ಕೋಣೆಯನ್ನು ಕಲಿಯುವವರ ಕೈಗೂ ಕಾಲಿಗೂ ಪರಿಚಯ ಮಾಡಿಸಬೇಕು. ಸಕ್ಕರೆಯ ಡಬ್ಬಕ್ಕೆ ಒಂದು ರಬ್ಬರ್ ಬ್ಯಾಂಡು, ಉಪ್ಪಿನದಕ್ಕೆ ಎರಡು. ಲೋಟ ತುಂಬುತ್ತ ಬಂದಂತೆ ಚಹಾ ಸುರಿಯುವ ಸದ್ದು ಸಣ್ಣಗಾಗುತ್ತದೆ. ಅದನ್ನು ಕಿವಿಯಿಂದ ಹಿಡಿದು ಕೈ ತಡೆಯಬೇಕು. ಹಾಲು ಉಕ್ಕುವ ಮುಂಚೆ ಒಂದು ಕ್ಷಣ ಪಾತ್ರೆ ಸುಮ್ಮನಾಗುತ್ತದೆ. ಆ ಮೌನಕ್ಕೆ ಉರಿ ಇಳಿಸಬೇಕು. ಇವೆಲ್ಲ ಆಕೆ ಕಲಿಸಿದ್ದು ಅರ್ಧ, ಕಲಿಯಲು ಬಂದವರಿಂದಲೇ ಕಲಿತದ್ದು ಅರ್ಧ.

ಕಣ್ಣಿದ್ದವರಿಗೆ ಮಾತ್ರ ಅವಳು ಎರಡೇ ನಿಯಮ ಮಾಡಿದ್ದಳು. ಅದನ್ನು ಹಲಗೆಯ ಮೇಲೆ ಬರೆಸಿ ಪ್ರತಿ ಕ್ಯಾಂಟೀನಿನ ಬಾಗಿಲಿಗೂ ಹೊಡೆಸಿದ್ದಳು. ಒಳಗೆ ಕಾಲಿಟ್ಟರೆ ಬಾಯಿ ಬಿಟ್ಟು ಹೇಳಿ. ಕೈ ಹಿಂದೆ ಕಟ್ಟಿಕೊಳ್ಳಿ. ಯಾಕೆಂದರೆ ಅಂಥ ಅಡುಗೆಮನೆಯಲ್ಲಿ ಚಮಚ ಒಂದು ಗೇಣು ಆಚೆ ಸರಿದರೆ ಅದು ಕಳೆದುಹೋದಂತೆಯೇ ಲೆಕ್ಕ. ಸದ್ದಿಲ್ಲದೆ ನಿಂತ ಮನುಷ್ಯ ರಾತ್ರೋರಾತ್ರಿ ಎದ್ದ ಗೋಡೆ.

ಈ ನಿಯಮಗಳು ಸುಮ್ಮನೆ ಹುಟ್ಟಿದ್ದಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಬುಗುರಿ ನಿಲ್ಲಿಸಿದ ಮೊದಲ ಕ್ಯಾಂಟೀನು ಒಬ್ಬ ಗಂಡಸಿನದು. ಅವನು ಬಗ್ಗುವ ಮೊದಲೇ ಇವಳು ಎತ್ತಿಕೊಟ್ಟಳು, ಅವನು ತಡಕುವ ಮೊದಲೇ ಇವಳು ಮುಂದೆ ಸರಿಸಿದಳು. ಕ್ಯಾಂಟೀನು ಒಂದು ವರ್ಷ ಭರ್ಜರಿಯಾಗಿ ನಡೆಯಿತು. ಇವಳು ಬೇರೆ ಕಟ್ಟಡಕ್ಕೆ ಹೋದ ಮೂರೇ ತಿಂಗಳಿಗೆ ಬಾಗಿಲು ಹಾಕಿತು. ಕೇಳಲು ಹೋದಾಗ ಅವನು ಸಿಟ್ಟು ಮಾಡಲಿಲ್ಲ. "ಅಕ್ಕಾ, ಅದು ನಿಮ್ಮ ಕ್ಯಾಂಟೀನು. ನಾನು ಅಲ್ಲಿ ಕೆಲಸಕ್ಕಿದ್ದೆ, ಅಷ್ಟೆ" ಎಂದ. ಅವನು ಬೈದಿದ್ದರೆ ಚೆನ್ನಾಗಿತ್ತು. ಆ ಮಾತು ಮುಳ್ಳಾಗಿ ಒಳಗೇ ಉಳಿಯಿತು. ಆಮೇಲೆ ಹನ್ನೊಂದು ಕ್ಯಾಂಟೀನು ನಿಂತವು, ಹನ್ನೊಂದೂ ಇವತ್ತಿಗೂ ನಡೆಯುತ್ತಿವೆ. ಆದರೂ ಅವಳಿಗೆ ನೆನಪಾಗುವುದು ಮುಚ್ಚಿದ ಒಂದೇ.

ಹದಿಮೂರನೆಯದು ಅಡುಗೆಯಾಕೆಯದು. ಆಕೆ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಹದಿನಾರು ವರ್ಷ ಇನ್ನೂರು ಜನಕ್ಕೆ ಬೇಯಿಸಿದವಳು. ಮೂವತ್ತೆಂಟಕ್ಕೆ ಕಣ್ಣಿನ ಒತ್ತಡ ಏರಿ, ಅಂಚಿನಿಂದ ಮಬ್ಬು ಒಳಗೆ ಸರಿಯುತ್ತ ಬಂದು, ಒಂದೂವರೆ ವರ್ಷದಲ್ಲಿ ಎರಡೂ ಕಣ್ಣು ಹೋದವು. ಕೆಲಸವೂ ಹೋಯಿತು. ಅಣ್ಣನ ಮನೆ ಸೇರಿದಳು. ಅಣ್ಣ ಒಳ್ಳೆಯವನು, ಅತ್ತಿಗೆ ಇನ್ನೂ ಒಳ್ಳೆಯವಳು, ಒಳ್ಳೆಯವರಾದ್ದರಿಂದಲೇ ತೊಂದರೆ. ಎದ್ದರೆ "ಕೂತ್ಕೋ", ನೀರಿಗೆ ಕೈ ಚಾಚಿದರೆ "ಕೂತ್ಕೋ, ನಾನು ಕೊಡ್ತೀನಿ", ಒಲೆಯ ಕಡೆ ಮುಖ ತಿರುಗಿಸಿದರೆ ಅತ್ತಿಗೆಯ ಜೀವ ಬಾಯಿಗೆ. "ನಾಲ್ಕು ವರ್ಷದಲ್ಲಿ ನಾನು ಕೇಳಿದ್ದು ಒಂದೇ ಮಾತು ಅಕ್ಕ. ಕೂತು ಕೂತು ಕುರ್ಚಿಗೂ ನಂಗೂ ವ್ಯತ್ಯಾಸ ಇಲ್ಲದ ಹಾಗಾಯ್ತು" ಎಂದು ಬುಗುರಿಗೆ ಹೇಳಿದ್ದಳು. ಕ್ಯಾಂಟೀನು ಸಿಕ್ಕದಿದ್ದರೆ ಅವಳಿಗೆ ಇದ್ದದ್ದು ಆ ಕುರ್ಚಿಯೇ.

ಇವಳಿಗೆ ಕಲಿಸುವುದು ಸುಲಭವಾಗಿರಲಿಲ್ಲ. ಮೊದಲ ದಿನ ಈರುಳ್ಳಿ ಹೆಚ್ಚುವುದನ್ನು ತೋರಿಸಹೋದಾಗ ಅಡುಗೆಯಾಕೆ ಚಾಕು ಕಿತ್ತುಕೊಂಡು, "ಹೋಗಿದ್ದು ಕಣ್ಣು ಅಕ್ಕ, ಕೈಯಲ್ಲ" ಎಂದು ಮೂರು ಈರುಳ್ಳಿಯನ್ನು ಟಕಟಕ ಕತ್ತರಿಸಿ ಮುಂದಿಟ್ಟಳು. ಕಣ್ಣಿದ್ದ ಬುಗುರಿಗೇ ಕಣ್ಣೀರು ಬಂತು.

ಕ್ಯಾಂಟೀನು ಸಿಕ್ಕಿದ್ದು ಐದು ಅಂತಸ್ತಿನ ಕಚೇರಿ ಕಟ್ಟಡದ ಕೆಳಮಹಡಿಯಲ್ಲಿ, ಒಂದು ತಿಂಗಳ ಪರೀಕ್ಷೆಯ ಮೇಲೆ. ಚಹಾ, ಕಾಫಿ, ಸೂಪು, ಬೇಯಿಸಿದ ಮೊಟ್ಟೆ, ಬ್ರೆಡ್ಡು. ಜನ ಕಿಟಕಿಯಲ್ಲಿ ಟೋಕನ್ ಕೊಟ್ಟು ಲೋಟ ಪಡೆಯಬೇಕು. ತಿಂಗಳ ಕೊನೆಯ ದಿನ ಕಟ್ಟಡದ ಮ್ಯಾನೇಜರು ಇನ್ನಿಬ್ಬರ ಜೊತೆ ಬಂದು ನೋಡಿ ತೀರ್ಮಾನ ಮಾಡುವುದು ಎಂದಾಗಿತ್ತು. ಆ ದಿನ ಏಳು ಗಂಟೆಯ ನಂತರ ಬುಗುರಿ ಒಳಗೆ ಹೋಗುವ ಹಾಗಿಲ್ಲ. ಅದು ಮ್ಯಾನೇಜರ ಷರತ್ತು. "ನಡೆಸೋದು ಅವರಾ, ನೀವಾ ಅಂತ ನಂಗೆ ಗೊತ್ತಾಗ್ಬೇಕಲ್ಲ" ಎಂದಿದ್ದರು. ಬುಗುರಿಗೆ ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು.

ಹಿಂದಿನ ದಿನ ಸಂಜೆ ನಾಲ್ಕಕ್ಕೆ ಅಡುಗೆಯಾಕೆ ಮನೆಗೆ ಹೋದಳು. ಬುಗುರಿ ಹೋಗಲಿಲ್ಲ. ಒರೆಸಿದ್ದನ್ನೇ ಒರೆಸಿದಳು, ನೋಡಿದ್ದನ್ನೇ ನೋಡಿದಳು. ಆಗ ಕಣ್ಣಿಗೆ ಬಿತ್ತು ಕಾಲೊರಸು.

ಅದು ದಪ್ಪ ನಾರಿನ ಕಾಲೊರಸು, ಒಲೆಗೂ ಕಿಟಕಿಯ ಕಟ್ಟೆಗೂ ನಡುವಿನ ತಿರುವಿನಲ್ಲಿ ಹಾಸಿದ್ದು. ನೆಲವೆಲ್ಲ ನುಣುಪು ಟೈಲ್ಸು. ಪಾದಕ್ಕೆ ಯಾವ ಗುರುತೂ ಸಿಗದು. ಒಲೆಯಿಂದ ನಾಲ್ಕು ಹೆಜ್ಜೆ, ಕಾಲಿಗೆ ನಾರು ತಾಗಿತೋ ಬಲಕ್ಕೆ ತಿರುಗು, ಎದುರಿಗೇ ಕಟ್ಟೆ. ಆ ಜಾಗ ಆರಿಸಿದವಳು ಅಡುಗೆಯಾಕೆಯೇ. ತಿಂಗಳಿಡೀ ಚೆಲ್ಲಿದ ಚಹಾ ಕುಡಿದು ಕಾಲೊರಸು ಕಂದಾಗಿ ಹೋಗಿತ್ತು. ಮ್ಯಾನೇಜರಿಗೆ ಶುಚಿಯ ಹುಚ್ಚು. 'ಒಗೆದು, ಬೆಳಗ್ಗೆ ಏಳರೊಳಗೆ ತಂದು ಹಾಸಿದರಾಯಿತು' ಎಂದುಕೊಂಡ ಬುಗುರಿ ಅದನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಬಾಗಿಲಿನ ಹಲಗೆ ಅವಳನ್ನೇ ನೋಡುತ್ತಿತ್ತು. ತಾನೇ ಬರೆಸಿದ್ದನ್ನು ಯಾರು ತಾನೇ ಓದುತ್ತಾರೆ?

ದಪ್ಪ ನಾರು ಒಂದೇ ರಾತ್ರಿಗೆ ಒಣಗುತ್ತದೆಯೇ? ಬೆಳಗ್ಗೆ ಐದಕ್ಕೆ ಹಿಂಡಿದರೆ ಒಂದು ಲೋಟ ನೀರು ಬಂತು. ಅದರ ಮುಂದೆ ಟೇಬಲ್ ಫ್ಯಾನ್ ಇಟ್ಟಳು. ಆರಕ್ಕೆ ಇಸ್ತ್ರಿ ಪೆಟ್ಟಿಗೆ ಹುಡುಕತೊಡಗಿದಾಗ ಗಂಡ ಎದ್ದು ಬಂದ.

"ಕಾಲೊರಸಿಗೆ ಇಸ್ತ್ರಿ ಹಾಕ್ತೀಯಾ? ಮಡಿಕೆ ಬೇರೆ ಹಿಡೀತೀಯೋ?"

"ಒದ್ದೆ ಹಾಸಿದ್ರೆ ಜಾರತ್ತೆ ರೀ. ಹಾಸದೇ ಇದ್ರೆ ಅವಳಿಗೆ ತಿರುವು ಗೊತ್ತಾಗಲ್ಲ. ಏನ್ ಮಾಡ್ಲಿ?"

"ಫೋನ್ ಮಾಡಿ ಹೇಳು. ತಪ್ಪಾಯ್ತು ಅಂತ ಹೇಳೋಕೆ ಎಷ್ಟು ಹೊತ್ತು ಬೇಕು?"

ಮಾಡಿದಳು. ಎತ್ತಲಿಲ್ಲ. ಅಡುಗೆಯಾಕೆ ಕೆಲಸಕ್ಕಿಳಿದರೆ ಫೋನು ಚೀಲದಲ್ಲಿ, ಚೀಲ ಮೊಳೆಯ ಮೇಲೆ. ಒದ್ದೆ ಕಾಲೊರಸನ್ನು ಹಗ್ಗಕ್ಕೆ ಹಾಕಿ ಬುಗುರಿ ಬಸ್ಸು ಹಿಡಿದು ಓಡಿದರೂ ಕಟ್ಟಡ ಮುಟ್ಟಿದಾಗ ಏಳು ಹತ್ತು. ಒಳಗೆ ಹೋಗುವ ಹಾಗಿಲ್ಲ. ಕಾರಿಡಾರಿನಲ್ಲಿ, ಕ್ಯಾಂಟೀನಿನ ಕಿಟಕಿಯ ಎದುರಿನ ಬೆಂಚಿನ ಮೇಲೆ ಕೂತಳು. ಕೂತಳು ಎನ್ನುವುದು ಬರೀ ಮಾತಿಗೆ. ಕಾಲು ಸುಟ್ಟ ಬೆಕ್ಕಿನಂತೆ ಆ ತುದಿಗೊಮ್ಮೆ ಈ ತುದಿಗೊಮ್ಮೆ ಅಲೆದಳು. ಗೋಡೆಗೆ ಅಂಟಿಸಿದ್ದ ಸೂಚನೆಗಳನ್ನೆಲ್ಲ ಓದಿದಳು. ಓರೆಯಾಗಿದ್ದ ಒಂದನ್ನು ಕಿತ್ತು ನೆಟ್ಟಗೆ ಅಂಟಿಸಿದಳು.

ಆದರೆ ಒಳಗೆ ಎಲ್ಲ ಸರಾಗ. ಕಿಟಕಿಯಲ್ಲಿ ಅಡುಗೆಯಾಕೆಯ ಮುಖ ಬರುತ್ತಿತ್ತು, ಲೋಟಗಳು ಹೊರಬರುತ್ತಿದ್ದವು, ಮುಖ ಹೋಗುತ್ತಿತ್ತು. ಎಂಟಾಯಿತು, ಒಂಬತ್ತಾಯಿತು. 'ಹೆಜ್ಜೆ ಎಣಿಸಿಕೊಂಡೇ ನಿಭಾಯಿಸುತ್ತಿದ್ದಾಳೆ' ಎಂದು ಸಮಾಧಾನ ಮಾಡಿಕೊಂಡಳು. ಅದು ನಿಮಿಷ ಮಾತ್ರ ನಿಲ್ಲುವ ಸಮಾಧಾನ.

ಹನ್ನೊಂದಕ್ಕೆ ಮ್ಯಾನೇಜರು ಬಂದರು, ಜೊತೆಗೆ ಕಡತ ಹಿಡಿದ ಇಬ್ಬರು. ಕಿಟಕಿಯ ಎದುರು ನಿಂತು ಮೂರು ಚಹಾ ಹೇಳಿದರು. ಬುಗುರಿಗೆ ಬೆಂಚಿನ ಹತ್ತಿರ ನಿಲ್ಲಲಾಗಲಿಲ್ಲ. ಪಕ್ಕದ ಬಾಗಿಲು ಅರೆ ತೆರೆದಿತ್ತು. ಅಲ್ಲಿಗೆ ಸರಿದು ಇಣುಕಿದಳು.

ಹಾಲಿನ ಪ್ಲಾಸ್ಟಿಕ್ ಕ್ರೇಟು! ಕಾಲೊರಸು ಇರಬೇಕಾದ ಜಾಗದಲ್ಲೇ, ತಿರುವಿಗೆ ಸರಿಯಾಗಿ, ದಾರಿಗೆ ಅಡ್ಡವಾಗಿ ಖಾಲಿ ಕ್ರೇಟು ಬಿದ್ದಿತ್ತು. ಹಾಲಿನವನು ಮರೆತು ಹೋಗಿದ್ದಾನೆ, ಅವನ ಮನೆ ಹಾಳಾಗ. ಅತ್ತ ಅಡುಗೆಯಾಕೆ ಒಲೆಯಿಂದ ಕುದಿಯುವ ಚಹಾದ ಕೆಟಲನ್ನು ಎರಡೂ ಕೈಯಲ್ಲಿ ಎತ್ತಿ ತಿರುಗುತ್ತಿದ್ದಳು. ಕೂಗಿದರೆ? ಮ್ಯಾನೇಜರು ಮುಂದೆಯೇ ಇದ್ದಾರೆ. ಕಣ್ಣಿದ್ದವರು ಕೂಗಿ ಹೇಳದಿದ್ದರೆ ಇವಳಿಗೆ ಆಗದು ಎಂದು ಬರೆದುಬಿಡುತ್ತಾರೆ. ಕೂಗದಿದ್ದರೆ? ಮೈ ಮೇಲೆ ಕುದಿಯುವ ಚಹಾ.

ಒಂದು ಕ್ಷಣ ನಿಂತು ಯೋಚಿಸಿದ್ದರೆ ಸಾಕಿತ್ತು. ಆ ಅಡುಗೆಯಾಕೆ ಬೆಳಗಿನಿಂದ ನಾಲ್ಕು ತಾಸು ಅದೇ ದಾರಿಯಲ್ಲಿ ನೂರು ಸಲ ಓಡಾಡಿದ್ದಾಳೆ, ಒಮ್ಮೆಯೂ ಮುಗ್ಗರಿಸಿಲ್ಲ ಎಂಬುದು ಎಂಥ ದಡ್ಡನಿಗೂ ಹೊಳೆಯುತ್ತಿತ್ತು. ಆದರೆ ಬುಗುರಿಗೆ ಯೋಚನೆಗಿಂತ ಕಾಲು ಮುಂದು. ಚಪ್ಪಲಿ ಬಾಗಿಲಲ್ಲೇ ಕಳಚಿ, ಸದ್ದು ಮಾಡದೆ ಒಳಗೆ ನುಗ್ಗಿ, ಕುಕ್ಕರುಗಾಲಿನಲ್ಲಿ ಕೂತು ಕ್ರೇಟನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

ಒಂದು, ಎರಡು, ಮೂರು, ನಾಲ್ಕು. ಅಡುಗೆಯಾಕೆಯ ಬಲಗಾಲು ಮುಂದೆ ಚಾಚಿ ಏನನ್ನೋ ಹುಡುಕಿತು. ಅಲ್ಲಿ ಏನೂ ಇರಲಿಲ್ಲ. ಇನ್ನರ್ಧ ಹೆಜ್ಜೆ ಹುಡುಕಿತು. ಮೊಣಕಾಲು ಬುಗುರಿಯ ಭುಜಕ್ಕೆ ಬಡಿಯಿತು, ಕೆಟಲು ವಾಲಿತು, ಚಹಾ ಬುಗುರಿಯ ಎಡಮೊಣಕೈಯಿಂದ ಬೆರಳವರೆಗೆ ಇಳಿಯಿತು.

ಅವಳು ಕೂಗಲಿಲ್ಲ. ತುಟಿ ಕಚ್ಚಿ ಹಿಡಿದಳು. ಕೂಗದೆ ಇದ್ದದ್ದೂ ತಪ್ಪೇ.

ಅಡುಗೆಯಾಕೆ ಕೆಟಲನ್ನು ನೆಟ್ಟಗೆ ಮಾಡಿ, ಇದ್ದಲ್ಲೇ ಕಲ್ಲಿನಂತೆ ನಿಂತಳು. "ಯಾರು?"

ನೋವಿಗೆ ಬುಗುರಿ ಎದ್ದು ನಿಲ್ಲಹೋದಾಗ ಮಂಡಿ ಲಟಕ್ಕೆಂದಿತು.

"ಅಕ್ಕಾ! ನೀವಾ? ಮಾತಾಡಿ. ಸುಟ್ಟಿತಾ?"

"ಕೈಗೆ..."

"ನಿಮ್ಮ ಬಲಕ್ಕೆ ಎರಡು ಹೆಜ್ಜೆ, ನಲ್ಲಿ ಇದೆ. ತಿರುಗಿಸಿ, ಕೈ ಹಿಡೀರಿ. ತೆಗೀಬೇಡಿ, ನಾನು ಹೇಳೋವರೆಗೆ." ಕಣ್ಣು ಕತ್ತಲಿಟ್ಟಂತಾಗಿದ್ದ ಬುಗುರಿ ಅವಳು ಹೇಳಿದಂತೆಯೇ ಎರಡು ಹೆಜ್ಜೆ ಎಣಿಸಿ ನಲ್ಲಿ ಮುಟ್ಟಿದಳು. "ಕ್ರೇಟು ಎಲ್ಲಿಟ್ರಿ?"

"ಇಲ್ಲೇ... ಹಾಲಿನವನು ದಾರಿಯಲ್ಲಿ..."

"ಹಾಲಿನವರಲ್ಲ, ನಾನೇ ಇಟ್ಕೊಂಡಿದ್ದು. ಬೆಳಗ್ಗೆ ಬಂದ್ರೆ ಕಾಲೊರಸು ಇಲ್ಲ. ಕಾಲಿಗೆ ಏನಾದ್ರೂ ಬೇಕಲ್ಲ ಅಕ್ಕ."

ಬುಗುರಿಗೆ ಸುಟ್ಟ ಕೈ ಮರೆತುಹೋಯಿತು. ಒಗೆದವಳೂ ತಾನೇ, ಎಳೆದವಳೂ ತಾನೇ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಡುಗೆಯಾಕೆ ಕೆಟಲು ಕೆಳಗಿಟ್ಟು, ಕೈಯಲ್ಲಿ ತಡಕಿ ಕ್ರೇಟನ್ನು ಅದರ ಜಾಗಕ್ಕೆ ತಳ್ಳಿದಳು, ಪಾದದಿಂದ ಒಮ್ಮೆ ಮುಟ್ಟಿ ನೋಡಿದಳು, ನೆಲ ಒರೆಸಿದಳು. ಆಮೇಲೆ ಕೆಟಲಿನಲ್ಲಿ ಉಳಿದ ಚಹಾವನ್ನು ಮೂರು ಲೋಟಕ್ಕೆ ಅಂಚಿಗೆ ಒಂದು ಬೆರಳು ಕಡಿಮೆ ಸುರಿದು ಕಿಟಕಿಯಲ್ಲಿಟ್ಟಳು. "ಎರಡು ನಿಮಿಷ ತಡವಾಯ್ತು ಸಾರ್, ಬೇಜಾರು ಮಾಡ್ಕೋಬೇಡಿ" ಎಂದಳು.

ಮ್ಯಾನೇಜರು ಚಹಾ ಮುಟ್ಟಲಿಲ್ಲ. ಕಡತದಲ್ಲಿ ಬರೆಯುತ್ತಿದ್ದರು. ಒದ್ದೆ ಬಟ್ಟೆ ಸುತ್ತಿದ ಕೈ ಹಿಡಿದು ಬುಗುರಿ ಹೊರಗೆ ಬಂದವಳು ತಲೆಕೆಳಗಾದ ಅಕ್ಷರಗಳನ್ನೇ ಓದಿದಳು: 'ಬಿಸಿ ಚಹಾ ಚೆಲ್ಲಿ ಒಬ್ಬರಿಗೆ ಸುಟ್ಟ ಗಾಯ. ಸುರಕ್ಷಿತವಲ್ಲ.' ಆ ಎರಡು ವಾಕ್ಯ ಅಲ್ಲಿ ಉಳಿದರೆ ಅಡುಗೆಯಾಕೆ ನಾಳೆಯಿಂದ ಮತ್ತೆ ಆ ಕುರ್ಚಿಗೆ.

"ಸಾರ್, ಅದನ್ನ ಹೊಡೆದು ಹಾಕಿ. ತಪ್ಪು ನಂದು" ಎಂದಳು. ಕಾಲೊರಸಿನಿಂದ ಹಿಡಿದು ಕ್ರೇಟಿನವರೆಗೆ ಒಂದೂ ಬಿಡದೆ ಹೇಳಿದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಇಷ್ಟು ಹೊತ್ತು ಒಂದೇ ಕಡೆ ನಿಂತು ಮಾತಾಡಿದ್ದು ಅದೇ ಮೊದಲಿರಬೇಕು.

ಮ್ಯಾನೇಜರು ಬಾಗಿಲಿನ ಹಲಗೆ ನೋಡಿದರು, ಅವಳನ್ನು ನೋಡಿದರು. "ಅಂದ್ರೆ ಆ ಎರಡೂ ನಿಯಮನ ನೀವೇ ಮುರಿದ್ರಿ. ಬರ್ಕೊಡ್ತೀರಾ? ನಿಮ್ಮ ಸಂಸ್ಥೆಗೂ ಒಂದು ಪ್ರತಿ ಹೋಗುತ್ತೆ."

"ಕೊಡ್ತೀನಿ. ಬಲಗೈ ನೆಟ್ಟಗಿದೆ."

ಬರೆದುಕೊಟ್ಟಳು. ಅವರು ಅದನ್ನು ಎರಡು ಸಲ ಓದಿ, ತಾವು ಬರೆದಿದ್ದನ್ನು ಅಡ್ಡಗೆರೆ ಎಳೆದು ಹೊಡೆದರು. ನಂತರ ತಣ್ಣಗಾಗಿದ್ದ ಚಹಾ ಕುಡಿದು ಕಿಟಕಿಗೆ ಬಗ್ಗಿ ಹೇಳಿದರು: "ನೋಡಮ್ಮ, ಕ್ಯಾಂಟೀನು ನಿಮಗೇ. ನಮ್ಮ ಷರತ್ತುಗಳನ್ನ ಓದಿ ಹೇಳಿಸ್ತೀನಿ."

"ಸಾರ್, ನಂದೂ ಒಂದು ಷರತ್ತು ಬರ್ಕೊಳ್ಳಿ" ಎಂದಳು ಅಡುಗೆಯಾಕೆ. "ಇನ್ನು ಮೇಲೆ ಅಕ್ಕ ಒಳಗೆ ಬರಬಾರದು. ಚಹಾ ಬೇಕಾದ್ರೆ ಎಲ್ಲರ ಹಾಗೆ ಸಾಲಲ್ಲಿ ನಿಂತು ತಗೊಳ್ಳಲಿ."

ಬುಗುರಿ ಅಲ್ಲೇ ಇದ್ದಾಳೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದಳು.

ಆ ಸಂಜೆ ಗಂಡ ಭೂತಗನ್ನಡಿ ತೆಗೆಯದೆಯೇ ಅವಳ ಕೈಗೆ ಮುಲಾಮು ಹಚ್ಚಿದ, ಗಡಿಯಾರದ ಹಲ್ಲಿಗೆ ಎಣ್ಣೆ ಬಿಡುವಷ್ಟು ನಾಜೂಕಾಗಿ. "ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರೆ. ನೀನು ಸುಟ್ಕೊಂಡೂ ನೋಡಿದೆ" ಎಂದ. ಅವಳು ನಗಲಿಲ್ಲ. "ನನ್ನನ್ನೇ ಒಳಗೆ ಬರಬೇಡ ಅಂದ್ಳು ರೀ. ನಾನು ಕಟ್ಟಿಸಿದ ಕಟ್ಟೆ, ನಾನು ಹೂಡಿಸಿದ ಒಲೆ" ಎಂದಳು. ಗಂಡ ಮುಲಾಮಿನ ಡಬ್ಬಿಗೆ ಮುಚ್ಚಳ ಹಾಕುತ್ತ, "ಆ ಮೊದಲನೆಯವನು ಇದೇ ಮಾತು ಹೇಳಿದ್ದಿದ್ರೆ ಇವತ್ತಿಗೂ ಅವನ ಕ್ಯಾಂಟೀನು ಇರ್ತಿತ್ತೇನೋ" ಎಂದ. ಬುಗುರಿಗೆ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಅದು ನಿಜವೆನ್ನಿಸಿತು. ಹಗ್ಗದ ಮೇಲೆ ಕಾಲೊರಸು ಇನ್ನೂ ಒಣಗಿರಲಿಲ್ಲ.

ಮೂರು ವಾರ ಆ ಕಟ್ಟಡದ ಕಡೆ ಹೋಗಲಿಲ್ಲ. ಹೋಗದೆ ಇರುವುದು ಅವಳ ಮಟ್ಟಿಗೆ ಉಪವಾಸಕ್ಕಿಂತ ಕಷ್ಟ. ಬೀದಿಯ ತಿರುವಿನವರೆಗೆ ಎರಡು ಸಲ ಹೋಗಿ ವಾಪಸ್ಸು ಬಂದಳು. ನಾಲ್ಕನೆಯ ವಾರ ಹೋಗಿ ಸಾಲಿನಲ್ಲಿ ನಿಂತಳು. ಮುಂದೆ ಆರು ಜನ. ಕೈ ಹಿಂದೆ ಕಟ್ಟಿಕೊಂಡಿದ್ದಳು. ಹಿಮ್ಮಡಿ ಮಾತ್ರ ನೆಲ ಕುಟ್ಟುತ್ತಿತ್ತು.

ಅವಳ ಸರದಿ ಬಂದಾಗ ಒಳಗಿನಿಂದ ದನಿ ಬಂತು. "ಅಕ್ಕ, ಕಾಲು ಕುಟ್ಟೋದು ನಿಲ್ಸಿ. ಮೇಲಿನ ಮಹಡಿಯವರು ಭೂಕಂಪ ಅಂತ ಇಳಿದು ಬರ್ತಾರೆ. ಕೈ ಹೇಗಿದೆ?"

"ಹೊಸ ಚರ್ಮ ಬಂತು."

"ತಗೊಳ್ಳಿ, ಚಹಾ. ಸಕ್ಕರೆ ಕಟ್ಟೆ ಮೇಲೆ ಇದೆ, ಹಾಕ್ಕೊಳ್ಳಿ."

ಬುಗುರಿಯ ಕಣ್ಣು ಒಳಗೇ ನೆಟ್ಟಿತ್ತು. ಕ್ರೇಟು ಹೋಗಿ ಆ ತಿರುವಿನಲ್ಲಿ ಅಂಗೈ ಅಗಲದ ರಬ್ಬರಿನ ಪಟ್ಟಿ ಅಂಟಿಸಿದೆ. ಲೋಟಗಳು ಎಡದಿಂದ ಬಲಕ್ಕೆ ಬಂದಿವೆ. ಬ್ರೆಡ್ಡಿನ ಪೆಟ್ಟಿಗೆ ಒಂದು ಗೂಡು ಕೆಳಗಿಳಿದಿದೆ. ಅವಳ ಕೈ ತಾನಾಗಿ ಎಡಗಡೆಯ ಡಬ್ಬಕ್ಕೆ ಹೋಯಿತು, ಸಕ್ಕರೆಯನ್ನು ಅಲ್ಲಿಟ್ಟವಳು ತಾನೇ ಅಲ್ಲವೇ. ಎರಡು ಚಮಚ ಹಾಕಿ, ಕದಡಿ, ಒಂದು ಗುಟುಕು ಕುಡಿದಳು. ಮುಖ ಕಿವುಚಿತು.

"ಉಪ್ಪು!"

ಹಿಂದೆ ನಿಂತಿದ್ದ ಗುಮಾಸ್ತ ನಕ್ಕ. "ಒಂದು ಬ್ಯಾಂಡು ಸಕ್ಕರೆ, ಎರಡು ಬ್ಯಾಂಡು ಉಪ್ಪು. ಇಲ್ಲಿ ಎಲ್ಲರಿಗೂ ಗೊತ್ತಲ್ಲಮ್ಮ."

"ಎರಡನ್ನೂ ಅದಲು ಬದಲು ಮಾಡಿದೆ ಅಕ್ಕ. ಮೊಟ್ಟೆ ಎಡಕ್ಕೆ ಬಂತು, ಉಪ್ಪು ಅದರ ಪಕ್ಕ ಬೇಕಿತ್ತು" ಎಂದಳು ಅಡುಗೆಯಾಕೆ. "ಬಿಡಿ, ಬೇರೆ ಕೊಡ್ತೀನಿ."

"ಬೇಡ" ಎಂದಳು ಬುಗುರಿ.

ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಅಲ್ಲೇ, ಕಿಟಕಿಯ ಪಕ್ಕದಲ್ಲೇ ನಿಂತು ಆ ಉಪ್ಪಿನ ಚಹಾವನ್ನು ಗುಟುಕು ಗುಟುಕಾಗಿ ಕುಡಿದಳು. ಹೆಮ್ಮೆಯೋ ಸಂಕಟವೋ ಅವಳಿಗೇ ತಿಳಿಯಲಿಲ್ಲ, ಎರಡೂ ಇದ್ದವು. ತಾನು ಇಟ್ಟದ್ದು ಒಂದೂ ತಾನು ಇಟ್ಟಲ್ಲಿ ಇರಲಿಲ್ಲ. ಖಾಲಿ ಲೋಟವನ್ನು ಕಟ್ಟೆಯ ಮೇಲಿಟ್ಟಳು. ಅಡುಗೆಯಾಕೆ ಅದನ್ನು ಎತ್ತಿಕೊಂಡು, ಒಳಗೆ ಬೆರಳಾಡಿಸಿ ತಳದವರೆಗೆ ನೋಡಿದಳು.

"ಪೂರ್ತಿ ಕುಡಿದ್ರಾ? ನಿಂತ ಜಾಗದಲ್ಲೇ?"

"ಹೂಂ."

ಅಡುಗೆಯಾಕೆ ಲೋಟವನ್ನು ತೊಳೆಯುವ ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡು, ಕಿಟಕಿಗೆ ಮುಖ ತಂದಳು.

"ಮುಂದಿನವರು ಬನ್ನಿ" ಎಂದಳು.